ಒಟಿಪಿ ನನ್ನ ಫೋನಿಗೆ ಬಂತು, ಅಪ್ಪ ಆಸ್ಪತ್ರೆಯಲ್ಲಿದ್ರು

ಬೆಳಿಗ್ಗೆ ಎಂಟರ ಬುಲೆಟಿನ್ ಓದುವಾಗ ನಮ್ಮ ಫೋನು ಸ್ಟುಡಿಯೋ ಒಳಗೆ ಬರೋ ಹಾಗಿಲ್ಲ. ಮೇಕಪ್ ರೂಮಿನಲ್ಲಿ ಸೈಲೆಂಟ್ ಮಾಡಿ ಇಟ್ಟು ಹೋಗ್ತೀವಿ. ಆ ದಿನ ಒಂಬತ್ತಕ್ಕೆ ಹೊರಗೆ ಬಂದು ಫೋನ್ ನೋಡಿದೆ. ನಾಲ್ಕು ಒಟಿಪಿ ಮೆಸೇಜು. ಏಳು ಮಿಸ್ಡ್ ಕಾಲ್. ಏಳೂ ಅಪ್ಪನದ್ದೇ.

ಅಪ್ಪನಿಗೆ 76 ವರ್ಷ. ಶುಗರ್ ಇದೆ, ಬಿ.ಪಿ. ಇದೆ. ಆವತ್ತು ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಅಂತ ಆಸ್ಪತ್ರೆಗೆ ಒಬ್ಬರೇ ಹೋಗಿದ್ರು. ಏಳೂವರೆಗೆಲ್ಲ ಅಲ್ಲಿದ್ರು. ಮೊದಲೆಲ್ಲ ಆ ಆಸ್ಪತ್ರೆಯಲ್ಲಿ ಒಂದು ಕಿಟಕಿ ಇತ್ತು. ಹೆಸರು ಹೇಳಿದ್ರೆ ಚೀಟಿ ಕೊಡ್ತಿದ್ರು. ಈಗ ಆ ಕಿಟಕಿ ಮುಚ್ಚಿದೆ. ಗೋಡೆ ಮೇಲೆ ಕಪ್ಪು ಬಿಳುಪು ಚೌಕ ಅಂಟಿಸಿದಾರೆ. ಅದೇ ಕ್ಯೂಆರ್ ಕೋಡ್. ಬಾಗಿಲಲ್ಲಿದ್ದ ಸೆಕ್ಯೂರಿಟಿ ಹುಡುಗ, 'ಸ್ಕ್ಯಾನ್ ಮಾಡಿ ಅಂಕಲ್, ಟೋಕನ್ ಬರತ್ತೆ' ಅಂದ. ಅಪ್ಪ ಪಕ್ಕದಲ್ಲಿದ್ದವರನ್ನ ಕೇಳಿ ಸ್ಕ್ಯಾನೂ ಮಾಡಿದ್ರು. ಆಮೇಲೆ ಒಟಿಪಿ ಕೇಳ್ತು. ಒಟಿಪಿ ಹೋಗಿದ್ದು ನನ್ನ ನಂಬರಿಗೆ. ಯಾಕಂದ್ರೆ ಹಿಂದೊಮ್ಮೆ ಅಲ್ಲಿ ಅಪ್ಪನ ಹೆಸರು ನೋಂದಾಯಿಸಿದ್ದು ನಾನೇ. 'ನಿಮಗ್ಯಾಕೆ ತಲೆನೋವು, ನನ್ನ ನಂಬರೇ ಕೊಡ್ತೀನಿ ಬಿಡಿ' ಅಂತ ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿದ್ದೆ.

ನಾನಿಲ್ಲಿ ಊರಿನ ಸುದ್ದಿಯನ್ನೆಲ್ಲ ಓದ್ತಾ ಇದ್ದೆ. ಅಪ್ಪ ಅಲ್ಲಿ ನಿಂತಿದ್ರು. ಅಭ್ಯಾಸಬಲದಲ್ಲಿ ಬೆಳಗಿನ ಶುಗರ್ ಮಾತ್ರೆ ನುಂಗಿಬಿಟ್ಟಿದ್ರು, ಹೊಟ್ಟೆಗೆ ಏನೂ ಇಲ್ಲ. ಒಂದು ಗಂಟೆ ಕಳೆಯೋ ಹೊತ್ತಿಗೆ ಬೆವರು, ಕೈ ನಡುಕ, ಕಣ್ಣು ಕತ್ತಲೆ. ಯಾರೋ ಪುಣ್ಯಾತ್ಮರು, ಅವರೂ ಶುಗರ್ ಇದ್ದವರೇ ಇರಬೇಕು, ನೋಡಿದ ತಕ್ಷಣ ಅರ್ಥ ಮಾಡಿಕೊಂಡು ಕೂರಿಸಿ, ಕ್ಯಾಂಟೀನಿಂದ ಸಕ್ಕರೆ ತರಿಸಿ ನೀರಲ್ಲಿ ಕಲಸಿ ಕುಡಿಸಿದ್ರು. ಅವರು ಇರದಿದ್ರೆ? ಆ ಪ್ರಶ್ನೆಯನ್ನ ನಾನು ಪೂರ್ತಿಯಾಗಿ ಕೇಳಿಕೊಳ್ಳೋಕೆ ಇವತ್ತಿಗೂ ಹೆದರ್ತೀನಿ.

ಸಂಜೆ ಮನೆಗೆ ಹೋದಾಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಅಪ್ಪನಿಗೇ ಬೈದೆ. 'ಇಷ್ಟು ದಿನ ಆಯ್ತು, ಫೋನ್ ನೋಡೋದು ಸ್ವಲ್ಪನಾದ್ರೂ ಕಲಿಬಾರದಾ?' ಅಂತ. ಅಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಣಿತ ಹೇಳಿಕೊಟ್ಟವರು. ಸುಮ್ಮನೆ ಕೇಳಿಸಿಕೊಂಡ್ರು. ಆಮೇಲೆ ಒಂದೇ ಮಾತು ಹೇಳಿದ್ರು: 'ನಂಗೆ ಓದೋಕೆ ಬರಲ್ಲ ಅಂತಲ್ಲ ಕಣೋ. ಓದೋಕೆ ಅದು ಟೈಮ್ ಕೊಡಲ್ಲ.'

ಇವತ್ತು ನಾನು ಹೇಳೋಕೆ ಹೊರಟಿರೋದು ಈ ಒಂದು ಮಾತಿನ ಬಗ್ಗೆ ಮಾತ್ರ.

ಒಂದು ಲೆಕ್ಕ ನೋಡಿ. 2011ರ ಜನಗಣತಿ ಪ್ರಕಾರವೇ ದೇಶದಲ್ಲಿ 60 ದಾಟಿದವರು 10.38 ಕೋಟಿ. ಕರ್ನಾಟಕದಲ್ಲಿ ಸುಮಾರು 58 ಲಕ್ಷ. ಅದಾದ ಮೇಲೆ ಈ ಸಂಖ್ಯೆ ಏರಿದೆಯೇ ಹೊರತು ಇಳಿದಿಲ್ಲ. ಇನ್ನೊಂದು ಕಡೆ ಡಾಕ್ಟರ ಅಪಾಯಿಂಟ್‌ಮೆಂಟು, ಲ್ಯಾಬ್ ರಿಪೋರ್ಟು, ಔಷಧಿ ಆರ್ಡರು, ವಿಮೆ ಕ್ಲೇಮು, 14 ಅಂಕಿಯ ಆಭಾ ಆರೋಗ್ಯ ಸಂಖ್ಯೆ, ಎಲ್ಲವೂ ಫೋನಿನೊಳಗೆ ಸೇರ್ತಾ ಇದೆ. ಸರಿ, ಆಸ್ಪತ್ರೆಗೆ ಹೆಚ್ಚು ಹೋಗೋದು ಯಾರು? ಇಪ್ಪತ್ತೈದರ ಹುಡುಗರಾ? ಅಲ್ಲ. ನಮ್ಮ ಅಪ್ಪ, ನಿಮ್ಮ ಅಮ್ಮ, ಪಕ್ಕದ ಮನೆ ಅಜ್ಜಿ. ಹಾಗಿದ್ರೆ ಈ ವ್ಯವಸ್ಥೆಯನ್ನ ಯಾರ ಕಣ್ಣಿಗೆ, ಯಾರ ಕೈಗೆ ಅಳತೆ ತೆಗೆದು ಹೊಲಿದಿದಾರೆ? ಪ್ರಶ್ನೆ ಇರೋದು ಇಲ್ಲೇ.

'ವಯಸ್ಸಾದವರಿಗೆ ಟೆಕ್ನಾಲಜಿ ಅಂದ್ರೆ ಭಯ' ಅಂತ ಒಂದು ಮಾತು ಚಾಲ್ತಿಯಲ್ಲಿದೆ. ನನಗೆ ಈಗ ಅದರಲ್ಲಿ ನಂಬಿಕೆ ಇಲ್ಲ. ಮೊಮ್ಮಗಳ ವಿಡಿಯೋ ಕಾಲ್ ಬಂದ್ರೆ ಇದೇ ಅಜ್ಜಿ ತೆಗೀತಾರೆ. ಯೂಟ್ಯೂಬಲ್ಲಿ ಹರಿಕಥೆ ಹುಡುಕಿ ಕೇಳ್ತಾರೆ. ಹಾಗಾದ್ರೆ ಆಸ್ಪತ್ರೆ ಆ್ಯಪ್ ಯಾಕೆ ಆಗಲ್ಲ? ದೇಹದ ಕಡೆಯಿಂದ ಒಂದೊಂದಾಗಿ ನೋಡೋಣ.

ಮೊದಲು ಕಣ್ಣು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತೆ, ಹತ್ತಿರದ್ದು ಮಸುಕಾಗುತ್ತೆ. ಅದಕ್ಕೆ ಚಾಳೀಸು ಹಾಕ್ತೀವಿ. ಆದರೆ ಅಷ್ಟೇ ಅಲ್ಲ. ವಯಸ್ಸಾದ ಹಾಗೆ ಮಸೂರ ಹಳದಿಗಟ್ಟುತ್ತೆ, ಪಾಪೆ ಚಿಕ್ಕದಾಗುತ್ತೆ. ಇಪ್ಪತ್ತರ ಕಣ್ಣಿನೊಳಗೆ ಹೋಗೋ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತರ ಕಣ್ಣಿನೊಳಗೆ ಹೋಗುತ್ತೆ. ಈಗ ಒಂದು ಆ್ಯಪ್ ತೆಗೆದು ನೋಡಿ. ಬಿಳಿ ಹಿನ್ನೆಲೆ, ಅದರ ಮೇಲೆ ತೆಳು ಬೂದು ಅಕ್ಷರ. ಡಿಸೈನ್ ಮಾಡಿದವರಿಗೆ ಅದು ಚೆಂದ. ಅಪ್ಪನಿಗೆ ಅದು ಖಾಲಿ ಹಾಳೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಇದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ, ಬಣ್ಣ ಬದಲಾಯಿಸಿದ್ರೆ ಸಾಕು.

ಎರಡನೆಯದು ಬೆರಳು. ಇದು ನನಗೂ ಗೊತ್ತಿರಲಿಲ್ಲ. ಟಚ್ ಸ್ಕ್ರೀನು ಒತ್ತಡಕ್ಕೆ ಕೆಲಸ ಮಾಡಲ್ಲ. ನಮ್ಮ ಚರ್ಮದಿಂದ ಪರದೆ ಮೇಲಿನ ವಿದ್ಯುತ್ ಕ್ಷೇತ್ರದಲ್ಲಿ ಆಗೋ ಸಣ್ಣ ಬದಲಾವಣೆಯನ್ನ ಅದು ಹಿಡಿಯುತ್ತೆ. ವಯಸ್ಸಾದವರ ಚರ್ಮ ಒಣಗಿರುತ್ತೆ. ಹಾಗಾಗಿ ಕೆಲವು ಸಲ ಮುಟ್ಟಿದ್ರೂ ಫೋನಿಗೆ ಗೊತ್ತಾಗಲ್ಲ. ಅದಕ್ಕೆ ಅವರು ಗಟ್ಟಿಯಾಗಿ ಒತ್ತಿ ಹಿಡೀತಾರೆ. ಒತ್ತಿ ಹಿಡಿದ್ರೆ ಫೋನು ಅದನ್ನ ಬೇರೆ ಆಜ್ಞೆ ಅಂದುಕೊಳ್ಳುತ್ತೆ, ಇನ್ನೇನೋ ತೆರೆದುಕೊಳ್ಳುತ್ತೆ. ಕೈ ಸ್ವಲ್ಪ ನಡುಗಿದ್ರೆ ಒಂದು ಮುಟ್ಟಿದ್ದು ಎರಡಾಗುತ್ತೆ. ನಾವು ಪಕ್ಕದಲ್ಲಿ ನಿಂತು 'ಅಯ್ಯೋ, ಏನೇನೋ ಒತ್ಬೇಡಿ' ಅಂತ ಕಿರುಚ್ತೀವಿ. ತಪ್ಪು ಅವರ ತಲೆಯಲ್ಲಿಲ್ಲ ಸ್ವಾಮಿ, ಚರ್ಮದಲ್ಲಿದೆ.

ಬೆರಳಚ್ಚಿನ ಕಥೆಯೂ ಇದೇ. ಜೀವನವಿಡೀ ಗುದ್ದಲಿ ಹಿಡಿದವರ, ಪಾತ್ರೆ ತಿಕ್ಕಿದವರ, ಬೀಡಿ ಕಟ್ಟಿದವರ ಬೆರಳಿನ ಗೆರೆಗಳು ಸವೆದು ಹೋಗಿರ್ತವೆ. ಯಂತ್ರಕ್ಕೆ ಅವರು ಯಾರು ಅಂತಲೇ ತಿಳಿಯಲ್ಲ. ಪಿಂಚಣಿದಾರರ ಜೀವಂತ ಪ್ರಮಾಣಪತ್ರಕ್ಕೆ 2014ರಲ್ಲಿ ಡಿಜಿಟಲ್ ವ್ಯವಸ್ಥೆ ಬಂದಾಗ ಇದೇ ತೊಂದರೆ ಆಯ್ತು. 2021ರಲ್ಲಿ ಮುಖ ನೋಡಿ ಗುರುತಿಸೋ ವಿಧಾನ ತಂದ್ರು. ಅಂಚೆಯವರು ಮನೆ ಬಾಗಿಲಿಗೇ ಬಂದು ಮಾಡಿಕೊಡೋ ಸೇವೆಯೂ ಇದೆ. ಅಂದ್ರೆ ಮನಸ್ಸು ಮಾಡಿದ್ರೆ ವ್ಯವಸ್ಥೆ ಬಗ್ಗುತ್ತೆ.

ಮೂರನೆಯದು ಕಿವಿ. ವಯಸ್ಸಾದಾಗ ಕಿವಿ ಮೊದಲು ಕಳ್ಕೊಳ್ಳೋದು ತೆಳ್ಳಗಿನ, ಎತ್ತರದ ಸದ್ದುಗಳನ್ನ. ಗ್ಲುಕೋಮೀಟರಿನ 'ಪೀಂ' ಸದ್ದು, ಮಾತ್ರೆ ನೆನಪಿಸೋ ಅಲಾರಂ, ಎಲ್ಲ ಅದೇ ಜಾತಿಯವು. ಮಾತಿನಲ್ಲಿ ಸ, ಶ, ಫ ಅನ್ನೋ ಅಕ್ಷರಗಳೂ ಅಷ್ಟೇ. ಆಸ್ಪತ್ರೆಗೆ ಫೋನ್ ಮಾಡಿದ್ರೆ ಯಂತ್ರ ಗಡಗಡ ಅಂತ ಒಂಬತ್ತು ಆಯ್ಕೆ ಹೇಳುತ್ತೆ. ಮೂರನೆಯದು ಕೇಳೋ ಹೊತ್ತಿಗೆ ಮೊದಲನೆಯದು ಮರೆತಿರುತ್ತೆ. ನಿಜ ಹೇಳಿ, ನಿಮಗೆ ನೆನಪಿರುತ್ತಾ?

ನಾಲ್ಕನೆಯದು ಸಮಯ. ಅಪ್ಪ ಹೇಳಿದ್ದು ಇದನ್ನೇ. ಒಟಿಪಿ ಅಂದ್ರೆ ಏನು ಕೆಲಸ ಅಂತ ಬಿಡಿಸಿ ನೋಡಿ. ಒಂದು ಪರದೆ ಬಿಟ್ಟು ಮೆಸೇಜಿಗೆ ಹೋಗಬೇಕು, ಇಂಗ್ಲಿಷಿನಲ್ಲಿರೋ ಮೆಸೇಜಿನಲ್ಲಿ ಆರು ಅಂಕಿ ಹುಡುಕಬೇಕು, ಅದನ್ನ ತಲೆಯಲ್ಲಿಟ್ಟುಕೊಂಡು ವಾಪಸ್ ಬರಬೇಕು, ಸಣ್ಣ ಚೌಕಗಳಲ್ಲಿ ತುಂಬಬೇಕು. ಇಷ್ಟೂ ಗಡಿಯಾರ ಓಡ್ತಾ ಇರುವಾಗ. ನಡುವೆ ಕನ್ನಡಕ ಹುಡುಕಿದ್ರೆ ಮುಗೀತು, 'ಸಮಯ ಮೀರಿದೆ'.

ಇದರಲ್ಲಿ ಇನ್ನೊಂದು ತಮಾಷೆ ಇದೆ, ನಗು ಬರದ ತಮಾಷೆ. ಬ್ಯಾಂಕಿನವರು, ಪೊಲೀಸರು, ಟಿವಿಯಲ್ಲಿ ಕೂತ ನಾವು, ಎಲ್ಲರೂ ವರ್ಷಗಟ್ಟಲೆ ಹೇಳಿದ್ದೇನು? 'ಯಾರಿಗೂ ಒಟಿಪಿ ಹೇಳಬೇಡಿ.' ಅಪ್ಪ ಅದನ್ನ ಶ್ರದ್ಧೆಯಿಂದ ಕಲಿತ್ರು. ಆಮೇಲೆ ಆಸ್ಪತ್ರೆ ಕೌಂಟರಿನಲ್ಲಿ ಕೇಳ್ತಾರೆ, 'ಬೇಗ ಒಟಿಪಿ ಹೇಳಿ ಅಂಕಲ್.' ಈಗ ಯಾವ ಪಾಠ ಪಾಲಿಸಬೇಕು? ಹೇಳಿದ್ರೆ ಮೋಸದ ಭಯ, ಹೇಳದಿದ್ರೆ ಟೋಕನ್ ಇಲ್ಲ. ಹಿರಿಯರು ಹಿಂಜರಿದ್ರೆ ಅದು ದಡ್ಡತನ ಅಲ್ಲ, ನಾವೇ ಕಲಿಸಿದ ಎಚ್ಚರಿಕೆ.

ಇನ್ನು ಭಾಷೆ. 'ಕನ್ನಡದಲ್ಲಿ ಲಭ್ಯ' ಅಂತ ಹಾಕಿರ್ತಾರೆ. ಒಳಗೆ ಹೋದ್ರೆ 'ಪರಿಶೀಲನಾ ಸಂಕೇತವನ್ನು ನಮೂದಿಸಿ' ಅಂತಿರುತ್ತೆ. ಇದು ಯಾರ ಮನೆ ಕನ್ನಡ? 'ನಿಮ್ಮ ಫೋನಿಗೆ ಬಂದ ಆರು ಅಂಕಿ ಇಲ್ಲಿ ಒತ್ತಿ' ಅಂದ್ರೆ ಬೀದರಿನ ಅಜ್ಜಿಗೂ ಗೊತ್ತಾಗುತ್ತೆ, ಚಾಮರಾಜನಗರದ ತಾತನಿಗೂ ಗೊತ್ತಾಗುತ್ತೆ.

ಹಾಗಂತ ನಾನು ಡಿಜಿಟಲ್ ಬೇಡ ಅನ್ನೋ ಪಕ್ಷದವನಲ್ಲ. ಇದು ಸರಿಯಾಗಿ ನಡೆದ್ರೆ ಅತಿ ಹೆಚ್ಚು ಲಾಭ ಆಗೋದು ಹಿರಿಯರಿಗೇ. ಮಂಡಿ ನೋವಿನವರು ಬಸ್ಸು ಹತ್ತಬೇಕಿಲ್ಲ. ಹಳೇ ರಿಪೋರ್ಟಿನ ಪ್ಲಾಸ್ಟಿಕ್ ಚೀಲ ಹೊರಬೇಕಿಲ್ಲ. ಈ-ಸಂಜೀವಿನಿ ಅನ್ನೋ ಸರ್ಕಾರಿ ಟೆಲಿಮೆಡಿಸಿನ್ ಸೇವೆ ಇದೆ. ಅದು ಎರಡು ರೀತಿ ನಡೆಯುತ್ತೆ. ಒಂದು, ರೋಗಿಯೇ ಮನೆಯಿಂದ ಫೋನಿನಲ್ಲಿ ಡಾಕ್ಟರ ಜೊತೆ ಮಾತಾಡೋದು. ಇನ್ನೊಂದು, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೋಗೋದು, ಅಲ್ಲಿರೋ ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲಿ ಕೂತು ದೂರದ ಡಾಕ್ಟರಿಗೆ ಕನೆಕ್ಟ್ ಮಾಡಿ ವಿವರ ಹೇಳೋದು. ಕೋಟಿಗಟ್ಟಲೆ ಸಮಾಲೋಚನೆ ನಡೆದಿವೆ, ಅದರಲ್ಲಿ ಬಹುಪಾಲು ಈ ಎರಡನೇ ರೀತಿಯದ್ದು. ಅಂದ್ರೆ ಏನರ್ಥ? ಪರದೆ ಜೊತೆಗೆ ಒಬ್ಬ ಮನುಷ್ಯ ಇದ್ರೆ ತಂತ್ರಜ್ಞಾನ ಕೊನೇ ಮನೆಯನ್ನೂ ಮುಟ್ಟುತ್ತೆ.

ಕೋವಿಡ್ ಲಸಿಕೆ ಕಾಲ ನೆನಪು ಮಾಡಿಕೊಳ್ಳಿ. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯ್ತು. ಕೋವಿನ್‌ನಲ್ಲಿ ಬುಕ್ ಮಾಡಬಹುದಿತ್ತು, ನೇರವಾಗಿ ಆಧಾರ್ ಹಿಡಿದು ಕೇಂದ್ರಕ್ಕೂ ಹೋಗಬಹುದಿತ್ತು. ಒಂದು ಮೊಬೈಲ್ ನಂಬರಿನಲ್ಲಿ ನಾಲ್ಕು ಜನ ನೋಂದಾಯಿಸೋಕೆ ಅವಕಾಶ ಇತ್ತು. ಮನೆಗೊಂದೇ ಫೋನು ಇರೋದನ್ನ ಯಾರೋ ಯೋಚನೆ ಮಾಡಿದ್ರು ಅಂತ ಅರ್ಥ. ಮೇ 1ಕ್ಕೆ 18ರಿಂದ 44ರವರಿಗೆ ಶುರುವಾದಾಗ ಮಾತ್ರ ಆನ್‌ಲೈನ್ ಬುಕಿಂಗೇ ಕಡ್ಡಾಯ ಅಂದ್ರು. ಆಗ ಏನಾಯ್ತು? ಇಂಗ್ಲಿಷ್ ಬಾರದ, ಸ್ಮಾರ್ಟ್‌ಫೋನ್ ಇಲ್ಲದ ಹಳ್ಳಿಯವರು ಹಿಂದೆ ಬಿದ್ರು. ಸುಪ್ರೀಂ ಕೋರ್ಟೇ ಈ ಡಿಜಿಟಲ್ ಕಂದಕದ ಬಗ್ಗೆ ಸರ್ಕಾರವನ್ನ ಪ್ರಶ್ನೆ ಮಾಡ್ತು. ಜೂನ್‌ನಲ್ಲಿ ಕೋವಿನ್‌ಗೆ ಕನ್ನಡವೂ ಸೇರಿ ಹಲವು ಭಾಷೆ ಬಂತು, ನೇರವಾಗಿ ಹೋಗೋ ದಾರಿಯೂ ತೆರೀತು. ಎರಡು ಬಾಗಿಲು ತೆಗೆದಿಟ್ರೆ ಜನ ಒಳಗೆ ಬರ್ತಾರೆ, ಒಂದು ಮುಚ್ಚಿದ್ರೆ ಅರ್ಧ ಜನ ಹೊರಗೆ ನಿಲ್ತಾರೆ. ಇಷ್ಟು ಸರಳ ಪಾಠ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿ ಇಲ್ಲದವರು ತಂದಿದ್ದ ಪ್ರಕರಣ ಅದು. ಇ-ಕೆವೈಸಿ ವೇಳೆ ಕಣ್ಣು ಮಿಟುಕಿಸಿ ಅನ್ನುತ್ತೆ ಯಂತ್ರ, ಮಿಟುಕಿಸೋಕೆ ಆಗದವರು ಏನು ಮಾಡಬೇಕು? ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳ್ತು. ಹಿಂದೆ ಉಳಿದವರ ಸಾಲಿನಲ್ಲಿ ಹಿರಿಯ ನಾಗರಿಕರನ್ನೂ ಹೆಸರಿಸಿತು. ಹಾಗಾಗಿ ಆಸ್ಪತ್ರೆಯಲ್ಲಿ ಒಂದು ಕಿಟಕಿ ತೆರೆದಿಡಿ ಅಂತ ಕೇಳೋದು ದಯೆ ಬೇಡೋದಲ್ಲ. ಹಕ್ಕಿನ ಮಾತು.

ಹಾಗಾದ್ರೆ ಕೇಳಬೇಕಾದ್ದು ಏನು? ದೊಡ್ಡ ಪಟ್ಟಿ ಏನಿಲ್ಲ. ಕ್ಯೂಆರ್ ಕೋಡ್ ಇರಲಿ, ಅದರ ಪಕ್ಕದಲ್ಲೇ ಮನುಷ್ಯ ಕೂತ ಒಂದು ಕೌಂಟರ್ ಇರಲಿ, ಅಲ್ಲಿ ಕೂರೋಕೆ ಕುರ್ಚಿ ಇರಲಿ. ಖಾಲಿ ಹೊಟ್ಟೆಯಲ್ಲಿ ಬಂದ ಹಿರಿಯರಿಗೆ ಮೊದಲ ಸರದಿ ಸಿಗಲಿ. ಒಟಿಪಿ ಸಮಯ ಹೆಚ್ಚಲಿ. ಫೋನ್ ಮಾಡಿದ್ರೆ ಸೊನ್ನೆ ಒತ್ತಿದ ಕೂಡಲೇ ಮನುಷ್ಯರ ದನಿ ಬರಲಿ. ಮಗನೋ ಮಗಳೋ ಸಹಾಯಕ್ಕೆ ಇದ್ರೆ ಅವರ ಹೆಸರನ್ನ 'ಸಹಾಯಕರು' ಅಂತ ಪ್ರತ್ಯೇಕವಾಗಿ ಸೇರಿಸೋ ಅವಕಾಶ ಇರಲಿ. ಆಗ ಅಪ್ಪನ ಖಾತೆ ಅಪ್ಪನದ್ದೇ ಆಗಿರುತ್ತೆ. ಆ್ಯಪನ್ನ ಬಿಡುಗಡೆ ಮಾಡೋ ಮೊದಲು ಎಪ್ಪತ್ತು ದಾಟಿದ ಹತ್ತು ಜನರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ನೋಡಿ. ಎಲ್ಲಿ ಬೆರಳು ನಿಲ್ಲುತ್ತೋ ಅಲ್ಲಿ ತಪ್ಪಿದೆ.

ಇದು ಅವರಿಗೆ ಹೇಳಿದ್ದು. ನಮ್ಮ ಮನೆಯೊಳಗೆ ನಾವು ಮಾಡೋ ಕೆಲಸವೂ ಇದೆ. ಇವತ್ತೇ ಮಾಡಬಹುದು.

ಅಪ್ಪ ಅಮ್ಮನ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರ ದೊಡ್ಡದು ಮಾಡಿ. 'ಆ್ಯಕ್ಸೆಸಿಬಿಲಿಟಿ' ಅಂತ ಒಂದು ವಿಭಾಗ ಇರುತ್ತೆ, ಅಲ್ಲಿ ಒತ್ತಿ ಹಿಡಿಯೋ ಸಮಯವನ್ನ ಹೆಚ್ಚಿಸಬಹುದು. ನಿಧಾನವಾಗಿ ಒತ್ತಿದ್ರೂ ಫೋನು ಗಾಬರಿಯಾಗಲ್ಲ. ಅವರದ್ದೇ ನಂಬರ್ ಇದ್ರೆ ಆಸ್ಪತ್ರೆಯಲ್ಲಿ ಅದನ್ನೇ ಕೊಡಿ. ಒಟಿಪಿ ವಿಷಯಕ್ಕೆ ಒಂದೇ ನಿಯಮ ಹೇಳಿಕೊಡಿ: ನಾವಾಗಿ ಹೋಗಿ ಎದುರಿಗೆ ನಿಂತು ಕೇಳಿದ ಸೇವೆಯ ಒಟಿಪಿಯನ್ನ, ಮೆಸೇಜಿನಲ್ಲಿ ಅದೇ ಆಸ್ಪತ್ರೆ ಹೆಸರು ಇದೆಯಾ ನೋಡಿ, ನಾವೇ ಒತ್ತೋದು. ಯಾರಾದ್ರೂ ತಾವಾಗಿ ಫೋನ್ ಮಾಡಿ ಕೇಳಿದ್ರೆ, ಅವರು ಡಾಕ್ಟರ್ ಅಂದ್ರೂ ಸರಿ, ಇಟ್ಟುಬಿಡೋದು. ಮೋಸ ಆದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಹಿರಿಯ ನಾಗರಿಕರ ಸಹಾಯವಾಣಿ 14567. ಈ ಎರಡೂ ನಂಬರನ್ನ ದೊಡ್ಡದಾಗಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

ಮನೆಯಲ್ಲಿ ಬಿ.ಪಿ. ಮಷೀನು ತಂದಿಟ್ಟಿದ್ರೆ ಅದನ್ನ ಬಳಸೋದು ಹೇಗೆ ಅಂತ ಒಮ್ಮೆ ಕೂತು ತೋರಿಸಿ. ಕಾಫಿ ಕುಡಿದ ಕೂಡಲೇ ನೋಡಬಾರದು, ಅರ್ಧ ಗಂಟೆ ಬಿಡಬೇಕು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳು ಎದೆ ಮಟ್ಟದಲ್ಲಿಟ್ಟು ನೋಡಬೇಕು. ತೋಳಿಗೆ ಸುತ್ತೋ ಪಟ್ಟಿ ಚಿಕ್ಕದಾದ್ರೆ ಬಿ.ಪಿ. ಇಲ್ಲದಿದ್ರೂ ಜಾಸ್ತಿ ತೋರಿಸುತ್ತೆ. ಗ್ಲುಕೋಮೀಟರಿಗೆ ಬೆರಳು ಚುಚ್ಚೋ ಮೊದಲು ಕೈ ತೊಳೆದು ಒರೆಸಬೇಕು, ಹಣ್ಣು ಸುಲಿದ ಕೈಯಲ್ಲಿ ನೋಡಿದ್ರೆ ಶುಗರ್ ಏರಿದ ಹಾಗೆ ಕಾಣುತ್ತೆ. ಇನ್ನೊಂದು ಮುಖ್ಯ ವಿಷಯ. ಬಹಳಷ್ಟು ಮೀಟರುಗಳು ಶುಗರ್ ತೀರಾ ಏರಿದ್ರೆ ಅಂಕಿಯ ಬದಲು ಎಚ್, ಐ ಅನ್ನೋ ಎರಡು ಇಂಗ್ಲಿಷ್ ಅಕ್ಷರ ತೋರಿಸ್ತವೆ. ತೀರಾ ಇಳಿದ್ರೆ ಎಲ್, ಒ. ಅದು 'ಹಾಯ್' ಅನ್ನೋ ನಮಸ್ಕಾರ ಅಲ್ಲ, ಮಷೀನ್ ಕೆಟ್ಟಿದೆ ಅಂತಲೂ ಅಲ್ಲ, ತಕ್ಷಣ ಸಹಾಯ ಬೇಕು ಅನ್ನೋ ಅಪಾಯದ ಸೂಚನೆ. ನಿಮ್ಮ ಮನೆಯ ಹಿರಿಯರಿಗೆ ಇದು ಗೊತ್ತಾ? ನಮ್ಮಪ್ಪನಿಗೆ ನಾನು ಹೇಳಿರಲಿಲ್ಲ.

ಕಲಿಸುವಾಗ ಒಂದು ಮಾತು ನೆನಪಿಡಿ. ಫೋನನ್ನ ಅವರ ಕೈಯಿಂದ ಕಿತ್ಕೋಬೇಡಿ. ನಾವು ಕಿತ್ಕೊಂಡು ಎರಡು ಸೆಕೆಂಡಿನಲ್ಲಿ ಮಾಡಿ 'ಆಯ್ತು ನೋಡಿ' ಅಂತ ವಾಪಸ್ ಕೊಡ್ತೀವಿ. ಅದು ಕಲಿಸಿದ ಹಾಗಲ್ಲ, ನಿಮ್ಮ ಕೈಲಿ ಆಗಲ್ಲ ಅಂತ ಹೇಳಿದ ಹಾಗೆ. ಫೋನು ಅವರ ಕೈಯಲ್ಲೇ ಇರಲಿ, ಬೆರಳು ಅವರದ್ದೇ ಓಡಲಿ. ಹತ್ತು ಸಲ ತಪ್ಪಲಿ. ನಮಗೆ ಮಗ್ಗಿ ಕಲಿಸುವಾಗ ಅವರೇನು ಒಂದೇ ಸಲಕ್ಕೆ ಸ್ಲೇಟು ಕಿತ್ಕೊಂಡಿದ್ರಾ?

ಆ ಘಟನೆ ಆದ ಮೇಲೆ ನಾನು ಆಸ್ಪತ್ರೆಗೆ ಹೋಗಿ ನೋಂದಣಿಯಲ್ಲಿ ಅಪ್ಪನ ನಂಬರನ್ನೇ ಹಾಕಿಸಿದೆ. ಅಪ್ಪ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು, ಟೋಕನ್ ತಗೊಳ್ಳೋದು ಹೇಗೆ ಅಂತ ಒಂದರಿಂದ ಎಂಟರ ತನಕ ಹಂತಗಳನ್ನ ಬರೆದಿಟ್ಟುಕೊಂಡಿದಾರೆ. ಥೇಟ್ ಲೆಕ್ಕ ಬಿಡಿಸೋ ರೀತಿ. ಹೋದ ಸಲ ಒಬ್ಬರೇ ಹೋಗಿ ಟೋಕನ್ ತಗೊಂಡ್ರು. ಮೂರನೇ ಪ್ರಯತ್ನಕ್ಕೆ ಬಂತಂತೆ. ಜೇಬಿನಲ್ಲಿ ಗ್ಲುಕೋಸ್ ಬಿಸ್ಕತ್ತು ಇತ್ತು.

'ಕಿಟಕಿ ತೆಗೆದಿದಾರಾ ಅಪ್ಪಾ?' ಅಂತ ಕೇಳಿದೆ. 'ಇಲ್ಲ. ಆದ್ರೆ ನನ್ನ ಹಿಂದೆ ಒಬ್ಬ ಅಜ್ಜಿ ನಿಂತಿದ್ರು. ಅವರಿಗೂ ನಾನೇ ಮಾಡಿಕೊಟ್ಟೆ' ಅಂದ್ರು.

ಸಂತೋಷ ಆಯ್ತು. ಜೊತೆಗೇ ನಾಚಿಕೆನೂ ಆಯ್ತು. 76ರ ಮೇಷ್ಟ್ರು ಸಾಲಿನಲ್ಲಿ ನಿಂತು ಮಾಡ್ತಿರೋ ಆ ಕೆಲಸ ಆಸ್ಪತ್ರೆಯದ್ದು. ಆ ಕಿಟಕಿ ತೆಗೆಯೋ ತನಕ ನಾನಂತೂ ಕೇಳ್ತಾನೇ ಇರ್ತೀನಿ. ನೀವೂ ಕೇಳಿ.